ಕೆಲಸದ ಕ್ರಮವನ್ನು ಬರೆದಿಡುವ ಬಗೆ: ಜಾಬ್ ವರ್ಕ್ ಒಂದು ನಿದರ್ಶನ

ಸಣ್ಣ ಕೈಗಾರಿಕಾ ಘಟಕಗಳಲ್ಲಿ ಕೆಲಸದ ಕ್ರಮವು ಸಾಮಾನ್ಯವಾಗಿ ಒಬ್ಬಿಬ್ಬರು ಹಳೆಯ ನೌಕರರ ನೆನಪಿನಲ್ಲಿಯೇ ಇರುತ್ತದೆ. ಸ್ಟೋರ್ಸ್ ನೋಡಿಕೊಳ್ಳುವವರು ಹದಿನೈದು ದಿನ ರಜೆ ಹೋದರೆ, ಯಾವ ಸರಕು ಯಾರ ಬಳಿ ಇದೆಯೆಂಬುದು ಮಾಲೀಕರಿಗೂ ತಿಳಿಯದು. ಆದರೂ ಪ್ರಮಾಣಿತ ಕಾರ್ಯವಿಧಾನವನ್ನು, ಅಂದರೆ ಎಸ್.ಒ.ಪಿ.ಯನ್ನು, ಬರೆದಿಡುವುದು ದೊಡ್ಡ ಕಂಪನಿಗಳ ಕೆಲಸವೆಂಬ ಭಾವನೆ ಇದೆ. ಐ.ಎಸ್.ಒ. 9001ರ 2000ದ ಆವೃತ್ತಿಯು ಆರು ಕಾರ್ಯವಿಧಾನಗಳು ಲಿಖಿತವಾಗಿ ಇರಲೇಬೇಕೆಂದು ವಿಧಿಸಿತ್ತು. 2015ರ ಆವೃತ್ತಿ ಆ ಪಟ್ಟಿಯನ್ನು ಕೈಬಿಟ್ಟು, ಎಷ್ಟು ಬರೆಯಬೇಕೆಂಬುದನ್ನು ಬಹುಮಟ್ಟಿಗೆ ಘಟಕದ ಅಗತ್ಯಕ್ಕೇ ಬಿಟ್ಟಿದೆ. ಬೀರುವಿನಲ್ಲಿ ಮಲಗುವ ದಪ್ಪ ಕಡತ ಯಾರಿಗೂ ಬೇಕಿಲ್ಲ.

ಎಲ್ಲವನ್ನೂ ಒಮ್ಮೆಲೇ ಬರೆಯಹೊರಡುವುದಕ್ಕಿಂತ, ತಪ್ಪಿದರೆ ಹಣ ಕಳೆಯುವ ಒಂದು ಕೆಲಸದಿಂದ ಆರಂಭಿಸುವುದು ಲೇಸು. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಬಿಡಿಭಾಗ ತಯಾರಕರಿಗೆ, ಪ್ಲೇಟಿಂಗ್ ಅಥವಾ ಹೀಟ್ ಟ್ರೀಟ್‌ಮೆಂಟ್‌ಗಾಗಿ ಸರಕನ್ನು ಹೊರಗೆ ಕಳುಹಿಸುವುದು ಅಂಥ ಕೆಲಸ. ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 143ನೇ ಪ್ರಕರಣದಂತೆ, ತೆರಿಗೆ ಕಟ್ಟದೆ ಜಾಬ್ ವರ್ಕ್‌ಗೆ ಕಳುಹಿಸಿದ ಕಚ್ಚಾ ಅಥವಾ ಅರೆಸಿದ್ಧ ಸರಕು ಒಂದು ವರ್ಷದೊಳಗೆ ಮರಳಬೇಕು, ಇಲ್ಲವೇ ಅಲ್ಲಿಂದಲೇ ಗ್ರಾಹಕರಿಗೆ ಪೂರೈಕೆಯಾಗಬೇಕು. ಆಯುಕ್ತರು ಈ ಅವಧಿಯನ್ನು ವಿಸ್ತರಿಸದೆ ಇದ್ದಲ್ಲಿ, ಗಡುವು ಮೀರಿದ ಸರಕು ಕಳುಹಿಸಿದ ದಿನವೇ ಪೂರೈಕೆಯಾದಂತೆ ಪರಿಗಣಿತವಾಗಿ ತೆರಿಗೆಯ ಜೊತೆಗೆ ಬಡ್ಡಿಯೂ ಬೀಳುತ್ತದೆ. ಯಂತ್ರಗಳಿಗೆ ಅವಧಿ ಮೂರು ವರ್ಷ. ಅಚ್ಚು, ಡೈ, ಜಿಗ್, ಫಿಕ್ಸ್‌ಚರ್‌ಗಳಿಗೆ ಈ ಕಟ್ಟಿಲ್ಲ.

ಕೆಲಸ ಮಾಡುವವರ ಪಕ್ಕದಲ್ಲಿ ನಿಂತು, ಅವರು ಮಾಡುವ ಕ್ರಮದಲ್ಲಿಯೇ ಬರೆದುಕೊಳ್ಳಬೇಕು. "ಸೂಕ್ತ ದಾಖಲೆಗಳೊಡನೆ ಸರಕನ್ನು ಕಳುಹಿಸತಕ್ಕದ್ದು" ಎಂಬ ವಾಕ್ಯದಿಂದ ಪ್ರಯೋಜನವಿಲ್ಲ. ಸರಕನ್ನು ಎಣಿಸಿ ತೂಗುವುದು. ಕ್ರಮಸಂಖ್ಯೆಯುಳ್ಳ ಡೆಲಿವರಿ ಚಲನ್ ಮೂರು ಪ್ರತಿ ಮಾಡಿ, ಮೊದಲನೆಯದನ್ನು ಸರಕು ಪಡೆಯುವವರಿಗೆ, ಎರಡನೆಯದನ್ನು ಸಾಗಣೆದಾರರಿಗೆ ಕೊಟ್ಟು, ಮೂರನೆಯದನ್ನು ಉಳಿಸಿಕೊಳ್ಳುವುದು. ಮರಳಬೇಕಾದ ಕಡೆಯ ದಿನಾಂಕವನ್ನು ಅಂದೇ ವಹಿಯಲ್ಲಿ ಬರೆಯುವುದು. ಹೀಗೆ ಒಂದೊಂದು ಹೆಜ್ಜೆಯೂ ಹಾಳೆಯಲ್ಲಿರಬೇಕು. ಹೊಸೂರಿಗೆ ಹೋಗುವ ಸರಕಾದರೆ ಇನ್ನೊಂದು ಸಾಲು ಅಗತ್ಯ: ರಾಜ್ಯದ ಗಡಿ ದಾಟಿ ಜಾಬ್ ವರ್ಕ್‌ಗೆ ಹೋಗುವ ಸರಕಿಗೆ 50,000 ರೂಪಾಯಿಯ ಮಿತಿ ಅನ್ವಯಿಸದು, ಮೌಲ್ಯ ಎಷ್ಟೇ ಇರಲಿ, ಇ-ವೇ ಬಿಲ್ ಕಡ್ಡಾಯ. ಹಳಬರಿಗೆ ಇದು ಹೇಳಬೇಕಾದ ಮಾತೆಂದೇ ತೋರುವುದಿಲ್ಲ. ಹೊಸಬರು ಎಡವುವುದು ಇಲ್ಲಿಯೇ.

ಸರಕು ಮರಳಿದಾಗ ಎಣಿಕೆ ಕಡಿಮೆ ಬಂದರೆ, ಅಥವಾ ಕೆಲವು ಭಾಗಗಳು ಕೆಟ್ಟಿದ್ದರೆ, ಯಾರಿಗೆ ತಿಳಿಸಬೇಕು, ಚಲನ್ ಮೇಲೆ ಏನು ಬರೆಯಬೇಕು ಎಂಬುದು ಬಹಳಷ್ಟು ಕಡೆ ಬಿಟ್ಟುಹೋಗುತ್ತದೆ. ವಾರ್ಷಿಕ ವಹಿವಾಟು ಐದು ಕೋಟಿ ರೂಪಾಯಿ ಮೀರದ ಘಟಕಗಳು ವರ್ಷಕ್ಕೊಮ್ಮೆ, ಏಪ್ರಿಲ್ 25ರೊಳಗೆ, ಐ.ಟಿ.ಸಿ.-04 ನಮೂನೆಯಲ್ಲಿ ಈ ಚಲನ್‌ಗಳ ವಿವರ ಸಲ್ಲಿಸಬೇಕಾಗುತ್ತದೆ. ವಹಿ ಸರಿಯಿದ್ದರೆ ಅದು ಅರ್ಧ ದಿನದ ಕೆಲಸ.

ಬರೆದ ಹಾಳೆಯನ್ನು, ಆ ಕೆಲಸವನ್ನು ಎಂದೂ ಮಾಡದ ನೌಕರರೊಬ್ಬರ ಕೈಗಿತ್ತು, ಬಾಯಿಮಾತಿನ ವಿವರಣೆ ಏನೂ ಇಲ್ಲದೆ ಒಂದು ಸರಕನ್ನು ಕಳುಹಿಸಲು ಹೇಳಬೇಕು. ಅವರು ಪ್ರಶ್ನೆ ಕೇಳಿದ ಕಡೆಯೆಲ್ಲ ಒಂದು ಸಾಲು ಸೇರಿಸಬೇಕು. ಹಾಳೆಯ ತಲೆಯಲ್ಲಿ ತಿದ್ದಿದ ದಿನಾಂಕವಿರಲಿ. ಹೊಸದನ್ನು ಅಂಟಿಸುವಾಗ ಹಳೆಯದನ್ನು ಗೋಡೆಯಿಂದ ತೆಗೆಯುವುದನ್ನು ಮರೆಯಬಾರದು.