ಸ್ವಯಂಪ್ರಕಾಶಿ ಗುರಿಸೂಚಿಗಳು: ಪಿಸ್ತೂಲಿನ ಮೇಲಣ ಟ್ರಿಟಿಯಂ ದೀಪದ ತತ್ತ್ವವೂ ಮಿತಿಯೂ

ಪಿಸ್ತೂಲಿನಿಂದ ಗುರಿಯಿಡುವುದೆಂದರೆ ಮೂರು ಬಿಂದುಗಳನ್ನು ಒಂದೇ ಸರಳರೇಖೆಯಲ್ಲಿ ತರುವುದು. ಕಣ್ಣಿಗೆ ಸಮೀಪದಲ್ಲಿ ಕಚ್ಚುಳ್ಳ ಒಂದು ತುಂಡು, ನಳಿಗೆಯ ತುದಿಯ ಕಡೆ ನೆಟ್ಟಗೆ ನಿಂತ ಒಂದು ಸಣ್ಣ ಮೊಳೆ, ಅದರಾಚೆ ಗುರಿ. ಮೊದಲಿನದನ್ನು ಹಿಂಗುರಿಯೆಂದೂ ಎರಡನೆಯದನ್ನು ಮುಂಗುರಿಯೆಂದೂ ಅನುಕೂಲಕ್ಕಾಗಿ ಕರೆಯೋಣ. ಹಗಲಿನಲ್ಲಿ ಈ ಏರ್ಪಾಡಿನಿಂದ ತೊಂದರೆಯಿಲ್ಲ. ಬೆಳಕು ಕುಂದಿದೊಡನೆ ಕಪ್ಪು ಮೊಳೆಯು ಕಪ್ಪು ಹಿನ್ನೆಲೆಯಲ್ಲಿ ಲೀನವಾಗುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪೊಲೀಸರೂ ಖಾಸಗಿ ಒಡೆಯರೂ ಇದಕ್ಕೆ ಕಂಡುಕೊಂಡಿರುವ ಪರಿಹಾರವೆಂದರೆ, ಕಾರ್ಖಾನೆಯಿಂದ ಬಂದ ಗುರಿಸೂಚಿಗಳನ್ನು ತೆಗೆದು, ತಾವಾಗಿಯೇ ಬೆಳಗುವ ಬೇರೆ ಸೂಚಿಗಳನ್ನು ಕೂರಿಸುವುದು. ನೋಡಲು ಇದೊಂದು ಅಲ್ಪ ಕಾರ್ಯ. ಆದರೆ ವಿಕಿರಣಶೀಲತೆ, ನೇತ್ರವಿಜ್ಞಾನ, ರೇಖಾಗಣಿತ ಈ ಮೂರೂ ಇದರಲ್ಲಿ ಕೂಡಿಕೊಂಡಿವೆ. ಆ ತತ್ತ್ವಗಳನ್ನೂ ಈ ದೀಪದಿಂದ ಆಗದ ಕೆಲಸವನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಕತ್ತಲಲ್ಲಿ ಬೆಳಗುವ ಬಣ್ಣಕ್ಕೆ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ರೇಡಿಯಮ್ಮನ್ನು ಬಳಸಿದರು. ರೇಡಿಯಂ ಹೊರಸೂಸುವ ಆಲ್ಫಾ ಕಣಗಳು ಸತುವಿನ ಸಲ್ಫೈಡಿಗೆ ತಾಗಿ ಅದನ್ನು ಬೆಳಗಿಸುತ್ತವೆ. ರೇಡಿಯಮ್ಮಿನ ಅರ್ಧಾಯು ಸುಮಾರು 1600 ವರ್ಷಗಳಾದ್ದರಿಂದ ಆ ಬೆಳಕು ಶಾಶ್ವತವೆಂದು ತೋರುವುದು ಸಹಜ. ವಾಸ್ತವದಲ್ಲಿ ಆಲ್ಫಾ ಕಣಗಳ ಹೊಡೆತಕ್ಕೆ ಸಲ್ಫೈಡಿನ ಸ್ಫಟಿಕವೇ ಕೆಡುವುದರಿಂದ, ಕೆಲವೇ ವರ್ಷಗಳಲ್ಲಿ ಬೆಳಕು ಮಂಕಾಗುತ್ತದೆ, ವಿಷ ಮಾತ್ರ ಉಳಿಯುತ್ತದೆ. ನ್ಯೂಜೆರ್ಸಿಯ ಆರೆಂಜ್ ಪಟ್ಟಣದಲ್ಲಿ ಗಡಿಯಾರದ ಮುಖಕ್ಕೆ ಈ ಬಣ್ಣವನ್ನು ಬಳಿಯುತ್ತಿದ್ದ ತರುಣಿಯರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. ರೇಡಿಯಂ ಅವರ ಮೂಳೆಯನ್ನು ಸೇರಿ ದವಡೆಯನ್ನು ಕೊರೆಯಿತು. ಅವರಲ್ಲಿ ಐವರು ಹೂಡಿದ ದಾವೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು. ಸ್ವಯಂಪ್ರಕಾಶಿ ವಸ್ತುಗಳ ಚರಿತ್ರೆಯನ್ನು ಓದುವವರು ಈ ಬೆಲೆಯನ್ನು ಮರೆಯಲಾಗದು.

ರೇಡಿಯಮ್ಮಿನ ಸ್ಥಾನಕ್ಕೆ ಬಂದ ಟ್ರಿಟಿಯಂ ಜಲಜನಕದ ಮೂರನೆಯ ಐಸೋಟೋಪು. ಒಂದು ಪ್ರೋಟಾನು, ಎರಡು ನ್ಯೂಟ್ರಾನುಗಳು ಅದರ ಬೀಜದಲ್ಲಿವೆ. 1934ರಲ್ಲಿ ರದರ್‌ಫರ್ಡ್, ಆಲಿಫಂಟ್ ಮತ್ತು ಹಾರ್ಟೆಕ್ ಇದನ್ನು ಪಡೆದರು. ಇದು ವಿಕಿರಣಶೀಲವೆಂಬುದನ್ನು 1939ರಲ್ಲಿ ಆಲ್ವರೆಜ್ ಮತ್ತು ಕಾರ್ನಾಗ್ ತೋರಿಸಿದರು. ಬೀಟಾ ಕಣವೊಂದನ್ನು ಹೊರಗೆಡಹಿ ಇದು ಹೀಲಿಯಂ-3 ಆಗುತ್ತದೆ. ಆ ಕಣದ ಗರಿಷ್ಠ ಶಕ್ತಿ 18.6 ಕಿಲೋ ಎಲೆಕ್ಟ್ರಾನ್ ವೋಲ್ಟ್, ಸರಾಸರಿ ಶಕ್ತಿ 5.7 ಮಾತ್ರ. ಗಾಳಿಯಲ್ಲಿ ಇದು ಸುಮಾರು 6 ಮಿಲಿಮೀಟರಿಗಿಂತ ಹೆಚ್ಚು ದೂರ ಸಾಗಲಾರದು. ಗಾಜಿನ ಗೋಡೆಯನ್ನಾಗಲಿ ಚರ್ಮದ ಹೊರಪದರವನ್ನಾಗಲಿ ದಾಟಲಾರದು.

ಗುರಿಸೂಚಿಯ ದೀಪವು ಒಳಗೋಡೆಗೆ ಸತುವಿನ ಸಲ್ಫೈಡಿನಂಥ ದೀಪ್ತಿಪುಡಿಯನ್ನು ಲೇಪಿಸಿ, ಟ್ರಿಟಿಯಂ ಅನಿಲವನ್ನು ತುಂಬಿ, ಎರಡೂ ತುದಿಗಳನ್ನು ಬೆಸೆದ ಒಂದು ಸೂಕ್ಷ್ಮ ಗಾಜಿನ ನಳಿಕೆ. ಇದಕ್ಕೆ ವಿದ್ಯುತ್ಕೋಶ ಬೇಡ, ಹಗಲಿನ ಬೆಳಕನ್ನು ಕುಡಿಸಬೇಕಾಗಿಲ್ಲ. ಒಂದು ನಳಿಕೆಯಲ್ಲಿ 18 ಮಿಲಿಕ್ಯೂರಿ ಟ್ರಿಟಿಯಂ ಇದೆಯೆಂದುಕೊಂಡರೆ ಅದರ ತೂಕ 2 ಮೈಕ್ರೋಗ್ರಾಮಿಗಿಂತಲೂ ಕಡಿಮೆ. ಆದರೂ ಅದರಲ್ಲಿ ಪ್ರತಿ ಸೆಕೆಂಡಿಗೆ 66 ಕೋಟಿಗೂ ಹೆಚ್ಚು ಪರಮಾಣುಗಳು ವಿಘಟನೆ ಹೊಂದುತ್ತಿರುತ್ತವೆ.

ಈ ದೀಪದ ಎಣ್ಣೆ ತೀರುವ ಕಾಲವನ್ನು ಲೆಕ್ಕಹಾಕಬಹುದು. ಟ್ರಿಟಿಯಮ್ಮಿನ ಅರ್ಧಾಯು 12.3 ವರ್ಷಗಳು. 5 ವರ್ಷಗಳಾದ ಮೇಲೆ ಮೊದಲಿನ ಅನಿಲದಲ್ಲಿ ನೂರಕ್ಕೆ 75, 10 ವರ್ಷಗಳ ಮೇಲೆ 57, 20 ವರ್ಷಗಳ ಮೇಲೆ ಸುಮಾರು 32 ಪಾಲು ಉಳಿದಿರುತ್ತದೆ. ದೀಪ್ತಿಪುಡಿಯೂ ಸವೆಯುವುದರಿಂದ ಕಾಣುವ ಬೆಳಕು ಇದಕ್ಕಿಂತಲೂ ಕಡಿಮೆ. ಆದಕಾರಣ ಕೊಳ್ಳುವವನು ಪೆಟ್ಟಿಗೆಯ ಹೊಸತನವನ್ನಲ್ಲ, ನಳಿಕೆ ತಯಾರಾದ ವರ್ಷವನ್ನು ನೋಡಬೇಕು.

ಹಸಿರು ಬಣ್ಣವನ್ನೇ ಹೆಚ್ಚಾಗಿ ಆರಿಸುವುದಕ್ಕೂ ಕಾರಣವುಂಟು. ಕತ್ತಲಿಗೆ ಒಗ್ಗಿದ ಕಣ್ಣಿನ ದಂಡಕೋಶಗಳು ಸುಮಾರು 507 ನ್ಯಾನೋಮೀಟರಿನ ತರಂಗಕ್ಕೂ, ಹಗಲಿನಲ್ಲಿ ಕೆಲಸ ಮಾಡುವ ಶಂಕುಕೋಶಗಳು ಸುಮಾರು 555ಕ್ಕೂ ಅತ್ಯಂತ ಸೂಕ್ಷ್ಮಗ್ರಾಹಿಗಳು. ಹಸಿರು ಇವೆರಡರ ನೆರೆಯಲ್ಲಿದೆ. ಸಾಮಾನ್ಯ ಏರ್ಪಾಡಿನಲ್ಲಿ ಮುಂಗುರಿಯ ಮೇಲೆ ಒಂದು ಚುಕ್ಕೆ, ಹಿಂಗುರಿಯ ಕಚ್ಚಿನ ಇಬ್ಬದಿಗೆ ಒಂದೊಂದು ಚುಕ್ಕೆ ಇರುತ್ತವೆ. ಮೂರೂ ಒಂದೇ ಬಣ್ಣ, ಒಂದೇ ಪ್ರಮಾಣದ ಬೆಳಕಿನವಾದರೆ ಒಂದು ಅಪಾಯವಿದೆ. ಮುಂದಣ ಚುಕ್ಕೆ ನಡುವಿನಲ್ಲಿರದೆ ಒಂದು ಪಕ್ಕಕ್ಕೆ ಸರಿದು ಸಾಲಾಗಿ ನಿಂತಿದ್ದರೂ, ಕಣ್ಣು ಅದನ್ನು ಸರಿಯಾದ ಸಾಲೆಂದೇ ಭ್ರಮಿಸಬಹುದು. ಹಿಂದಣ ಚುಕ್ಕೆಗಳನ್ನು ಮಂಕಾಗಿಯೋ ಬೇರೆ ಬಣ್ಣದಲ್ಲಿಯೋ ಮಾಡುವುದು ಈ ದೋಷದ ನಿವಾರಣೆಗಾಗಿ.

ಇನ್ನು ಜೋಡಿಸುವ ಕ್ರಮ. ಉದಾಹರಣೆಗೆ ಆಸ್ಟ್ರಿಯದ ಗ್ಲಾಕ್ 19 ಎಂಬ ಕಿರುಗಾತ್ರದ ಪಿಸ್ತೂಲನ್ನು ತೆಗೆದುಕೊಳ್ಳೋಣ. ಇದರ ಮುಂಗುರಿಯನ್ನು ಸ್ಲೈಡಿನ ಒಳಮೈಯಿಂದ ಒಂದು ಪುಟ್ಟ ಸ್ಕ್ರೂ ಹಿಡಿದಿರುತ್ತದೆ. ಹಿಂಗುರಿಯು ತಳ ಅಗಲವಾಗಿ ಬಾಯಿ ಕಿರಿದಾದ ಅಡ್ಡತೋಡಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ಮೊದಲ ಕೆಲಸ ಆಯುಧ ಖಾಲಿಯೆಂದು ಖಚಿತಪಡಿಸಿಕೊಳ್ಳುವುದು. ಮ್ಯಾಗಜೀನನ್ನು ತೆಗೆದು, ಗುಂಡಿನ ಮನೆಯನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟ ಮೇಲೆಯೇ ಸ್ಲೈಡನ್ನು ಕಳಚಬೇಕು. ಹಿಂಗುರಿಯನ್ನು ಸುತ್ತಿಗೆಯಿಂದ ಬಡಿದು ಸರಿಸುವುದಕ್ಕಿಂತ, ಸ್ಕ್ರೂವಿನ ಒತ್ತಡದಿಂದ ಮೆಲ್ಲನೆ ನೂಕುವ ಸಾಧನವೇ ಮೇಲು. ಗಾಜಿನ ನಳಿಕೆಯಿರುವ ತುಂಡಿಗೆ ಪೆಟ್ಟು ಹಿತವಲ್ಲ. ತೋಡಿನ ಎಣ್ಣೆಯನ್ನು ಒರೆಸಿ, ಮುಂಗುರಿಯ ಸ್ಕ್ರೂವಿಗೆ ಎಳೆ ಕಚ್ಚಿಸುವ ಅಂಟನ್ನು ಒಂದು ಹನಿ ಹಚ್ಚಿ ಹದವಾಗಿ ಬಿಗಿಯಬೇಕು. ಅತಿಯಾಗಿ ಬಿಗಿದರೆ ಸ್ಕ್ರೂ ಮುರಿಯುತ್ತದೆ, ಸಡಿಲ ಬಿಟ್ಟರೆ ಹಾರಿಸುವಾಗಿನ ಅದುರಿಗೆ ಕಳಚಿಹೋಗುತ್ತದೆ.

ಜೋಡಣೆಯಲ್ಲಿ ನಿಜವಾದ ಸೂಕ್ಷ್ಮತೆ ಬರುವುದು ಸಮರೂಪ ತ್ರಿಭುಜಗಳಿಂದ. ಈ ಪಿಸ್ತೂಲಿನಲ್ಲಿ ಎರಡು ಗುರಿಗಳ ನಡುವಣ ಅಂತರ ಸುಮಾರು 153 ಮಿಲಿಮೀಟರು. ಹಿಂಗುರಿಯು ನಡುಗೆರೆಯಿಂದ ಅರ್ಧ ಮಿಲಿಮೀಟರು ಸರಿದು ಕೂತರೆ, 25 ಮೀಟರು ದೂರದಲ್ಲಿ ಗುಂಡು ಸುಮಾರು 82 ಮಿಲಿಮೀಟರು ಪಕ್ಕಕ್ಕೆ ಬೀಳುತ್ತದೆ. ಅಂತರ ಚಿಕ್ಕದಾದಷ್ಟೂ ಈ ದೋಷ ದೊಡ್ಡದಾಗುವುದರಿಂದ, ಕಿರು ಪಿಸ್ತೂಲಿನಲ್ಲಿ ಹೆಚ್ಚಿನ ಎಚ್ಚರ ಬೇಕು. ಗುಂಡು ಯಾವ ಕಡೆಗೆ ಹೋಗಬೇಕೋ ಹಿಂಗುರಿಯನ್ನು ಆ ಕಡೆಗೂ, ಮುಂಗುರಿಯನ್ನು ಅದರ ವಿರುದ್ಧ ದಿಕ್ಕಿಗೂ ಸರಿಸಬೇಕೆಂಬುದು ನಿಯಮ. ಎತ್ತರಕ್ಕೂ ಇದೇ ಸೂತ್ರ ಸಲ್ಲುತ್ತದೆ. 15 ಮೀಟರು ದೂರದಲ್ಲಿ ಗುಂಡು 60 ಮಿಲಿಮೀಟರು ಕೆಳಗೆ ಬೀಳುತ್ತಿದ್ದರೆ, 60ನ್ನು 153ರಿಂದ ಗುಣಿಸಿ 15,000ದಿಂದ ಭಾಗಿಸಿದಾಗ ಸುಮಾರು 0.6 ಬರುತ್ತದೆ. ಅಷ್ಟು ಮಿಲಿಮೀಟರು ಎತ್ತರವಾದ ಹಿಂಗುರಿಯೋ ಅಷ್ಟೇ ಗಿಡ್ಡವಾದ ಮುಂಗುರಿಯೋ ಬೇಕೆಂದು ತಿಳಿಯುತ್ತದೆ. ಆದ್ದರಿಂದ ಮುಂಗುರಿ, ಹಿಂಗುರಿಗಳನ್ನು ಜೊತೆಯಾಗಿಯೇ ಬದಲಿಸುವುದು ಕ್ಷೇಮ. ಬದಲಿಸಿದ ಮೇಲೆ ಗುಂಡು ಬೀಳುವ ಎಡೆಯನ್ನು ಹಗಲಿನಲ್ಲಿ ಗುರಿಮೈದಾನದಲ್ಲಿ ಪರೀಕ್ಷಿಸದೆ ಇರುಳಿನಲ್ಲಿ ನಂಬುವುದು ಅವಿವೇಕ.

ನಳಿಕೆ ಒಡೆದರೆ ಏನಾದೀತೆಂಬ ಶಂಕೆ ಸಹಜ. ಹೊರಬರುವ ಅನಿಲವು ಗಾಳಿಯಲ್ಲಿ ಬೇಗ ಚದರಿಹೋಗುತ್ತದೆ. ಉಸಿರಿನೊಡನೆ ಒಳಸೇರಿದರೂ ಅನಿಲರೂಪದಲ್ಲಿ ದೇಹವು ಅದನ್ನು ಹೀರಿಕೊಳ್ಳುವುದು ಅತ್ಯಲ್ಪ. ಕಿಟಕಿ ತೆರೆದು ಹೊರಗೆ ಬರುವುದು, ಚೂರುಗಳನ್ನು ಬರಿಗೈಯಲ್ಲಿ ಮುಟ್ಟದಿರುವುದು, ಕೈ ತೊಳೆಯುವುದು, ಇವೇ ತಕ್ಕ ಕ್ರಮ. ಟ್ರಿಟಿಯಂ ನೀರಿನ ರೂಪ ತಾಳಿದಾಗ ಮಾತು ಬೇರೆ. ಆಗ ಅದು ದೇಹದ ನೀರಿನೊಡನೆ ಬೆರೆಯುತ್ತದೆ, ಅರ್ಧದಷ್ಟು ಹೊರಹೋಗಲು ಸುಮಾರು 10 ದಿನಗಳು ಬೇಕು. ಭಾರಜಲವನ್ನು ಬಳಸುವ ರಿಯಾಕ್ಟರುಗಳಲ್ಲಿ ಟ್ರಿಟಿಯಂ ತಾನಾಗಿಯೇ ಹುಟ್ಟುತ್ತದೆ. ಉತ್ತರ ಕನ್ನಡದ ಕೈಗಾ ಸ್ಥಾವರದಲ್ಲಿ 2009ರ ನವೆಂಬರಿನಲ್ಲಿ ಕುಡಿಯುವ ನೀರಿನಲ್ಲಿ ಟ್ರಿಟಿಯಂಯುಕ್ತ ಭಾರಜಲ ಬೆರೆತು, ಹಲವು ನೌಕರರ ದೇಹವನ್ನು ಸೇರಿದ ಸಂಗತಿಯನ್ನು ನಮ್ಮ ವಾಚಕರು ಬಲ್ಲರು. ಒಂದೇ ಪರಮಾಣು ಗಾಜಿನೊಳಗೆ ನಿರುಪದ್ರವಿ, ಲೋಟದೊಳಗೆ ಉಪದ್ರವಿ. ಹಳೆಯ ಗುರಿಸೂಚಿಗಳನ್ನು ಕಸದ ಬುಟ್ಟಿಗೆ ಎಸೆಯದೆ ತಯಾರಕರಿಗೆ ಹಿಂತಿರುಗಿಸಬೇಕೆಂಬುದು ಇದರಿಂದಲೇ ಅರ್ಥವಾಗುತ್ತದೆ.

ಕೊನೆಗೆ ಒಂದು ಮಾತು. ಈ ಚುಕ್ಕೆಗಳು ಗುರಿಯನ್ನು ಬೆಳಗುವುದಿಲ್ಲ. ಆಯುಧ ಎತ್ತ ತಿರುಗಿದೆಯೆಂಬುದನ್ನು ಹಿಡಿದವನಿಗೆ ತಿಳಿಸುತ್ತವೆ, ಎದುರಿಗೆ ನಿಂತವನು ಕಳ್ಳನೋ ಮನೆಯ ಮಗನೋ ಎಂಬುದನ್ನು ತಿಳಿಸಲಾರವು. ಗುರಿಯನ್ನು ಗುರುತಿಸಲು ಬೇರೆಯ ದೀಪವೇ ಬೇಕು, ಅದಿಲ್ಲದಿದ್ದರೆ ಹಾರಿಸದಿರುವ ಸಂಯಮ ಬೇಕು. ಚುಕ್ಕೆಗಳು ಕಂಡವೆಂಬ ಧೈರ್ಯದಿಂದ ಕಾಣದ ಗುರಿಗೆ ಗುಂಡು ಹಾರಿಸುವವನಿಗೆ ಈ ಸಾಧನವು ನೆರವಾಗುವುದಕ್ಕಿಂತ ಕೇಡನ್ನೇ ಮಾಡೀತು. ಒಂದು ಉಪಕರಣವು ಏನನ್ನು ತೋರಿಸುತ್ತದೆಂಬುದರ ಜೊತೆಗೆ ಏನನ್ನು ತೋರಿಸುವುದಿಲ್ಲವೆಂಬುದನ್ನೂ ಅರಿಯಬೇಕೆಂದು ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ನಾವು ಹೇಳುತ್ತೇವೆ. ಆ ಪಾಠವು ಇಲ್ಲಿ ಮನುಷ್ಯಪ್ರಾಣದ ಪ್ರಶ್ನೆಯಾಗಿ ನಿಲ್ಲುತ್ತದೆ.