ಕನ್ನಡಕ ಧರಿಸಿದ ಟೆನಿಸ್ ವೀರ

ದಕ್ಷಿಣ ಕೊರಿಯದ ಸುವೊನ್ ನಗರದಲ್ಲಿ 1996ರಲ್ಲಿ ಜನಿಸಿದ ಚುಂಗ್ ಹ್ಯೊನ್‌ಗೆ ಬಾಲ್ಯದಲ್ಲೇ ದೃಷ್ಟಿದೋಷವಿತ್ತು. ಹಸಿರು ಬಣ್ಣ ನೋಡುವುದು ಕಣ್ಣಿಗೆ ಹಿತವೆಂದು ವೈದ್ಯರು ಸಲಹೆಯಿತ್ತರು. ಬಾಲಕನು ಹಸಿರು ಟೆನಿಸ್ ಅಂಗಣಕ್ಕೆ ಇಳಿದುದು ಹೀಗೆ. ಕನ್ನಡಕ ತಪ್ಪಲಿಲ್ಲ, ಆಟವೂ ನಿಲ್ಲಲಿಲ್ಲ.

2013ರಲ್ಲಿ ವಿಂಬಲ್ಡನ್ ಬಾಲಕರ ಸ್ಪರ್ಧೆಯ ಅಂತಿಮ ಪಂದ್ಯದಲ್ಲಿ ಸೋತನು. ಮರುವರ್ಷ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ಡಬಲ್ಸ್‌ನಲ್ಲಿ ಲಿಮ್ ಯೊಂಗ್‌ಕ್ಯು ಜೊತೆಗೂಡಿ, ಭಾರತದ ಜೋಡಿಯನ್ನೇ ಮಣಿಸಿ ಚಿನ್ನ ಗೆದ್ದನು. 2018ರ ಆಸ್ಟ್ರೇಲಿಯನ್ ಓಪನ್‌ನಲ್ಲಿ, ಅಲ್ಲಿ ಆರು ಸಲ ಗೆದ್ದಿದ್ದ ಜೊಕೊವಿಚ್‌ನನ್ನು ಮೂರೇ ಸೆಟ್‌ಗಳಲ್ಲಿ ಸೋಲಿಸಿದನು. ಗ್ರಾಂಡ್ ಸ್ಲಾಮ್ ಸಿಂಗಲ್ಸ್‌ನ ಉಪಾಂತ್ಯ ತಲುಪಿದ ಮೊದಲ ಕೊರಿಯನ್ ಆಟಗಾರನಾದನು. ಅಲ್ಲಿ ಫೆಡರರ್ ಎದುರು, ಪಾದದ ಬೊಬ್ಬೆಗಳ ನೋವಿನಿಂದ ಆಟ ಬಿಡಬೇಕಾಯಿತು.

ಕನ್ನಡಕ ಹಾಕಿದ ಮಗುವಿಗೆ ಆಟವೇಕೆ ಎನ್ನುವ ಹಿರಿಯರು ಈತನನ್ನು ನೆನೆಯಬೇಕು.