ಹಾವೂ ಮೊಸಳೆಯೂ: ಬಾಯಿಯ ರಚನೆ, ಕುಲಭೇದ

ಪಟ್ಟಣದಲ್ಲಿ ವಾಸಿಸುವ ನಾವು ಹಾವನ್ನು ಕಾಣುವುದು ಅಪರೂಪ. ಮೊಸಳೆಯನ್ನಂತೂ ಬಹುಮಟ್ಟಿಗೆ ಮೃಗಾಲಯದ ಕಂಬಿಗಳ ಆಚೆಯಲ್ಲಿ ಮಾತ್ರ ಕಾಣುತ್ತೇವೆ. ಆದರೂ ಹಿತ್ತಲಿನಲ್ಲಿ ಒಂದು ಕೇರೆ ಹರಿದುಹೋದರೆ ಸಾಕು, ಮನೆಮಂದಿಯೆಲ್ಲ ದೊಣ್ಣೆಯನ್ನು ಹುಡುಕಲು ತೊಡಗುತ್ತೇವೆ. ಬಂದದ್ದು ಯಾವ ಕುಲದ ಹಾವು ಎಂದು ಕೇಳುವವರು ವಿರಳ. ಆ ಪ್ರಶ್ನೆಗೆ ಉತ್ತರವು ಬಹುಪಾಲು ಪ್ರಾಣಿಯ ಬಾಯಲ್ಲಿಯೇ ಅಡಗಿರುವುದರಿಂದ, ಈ ಭಾಷಣದಲ್ಲಿ ಹಾವು ಮೊಸಳೆಗಳ ಬಾಯನ್ನು ಕೊಂಚ ಸಮೀಪದಿಂದ ನೋಡೋಣ. ಮಾತಿನಲ್ಲಿ ನೋಡುವುದರಿಂದ ಅಪಾಯವೇನೂ ಇಲ್ಲ.

ಹಾವು, ಮೊಸಳೆ, ಹಲ್ಲಿ, ಆಮೆ ಇವನ್ನೆಲ್ಲ ಸರೀಸೃಪಗಳೆಂಬ ಒಂದೇ ಹೆಸರಿನಿಂದ ಕರೆಯುವ ವಾಡಿಕೆಯುಂಟು. ಆದರೆ ಈ ಹೆಸರು ಇಲ್ಲದ ಬಳಗವನ್ನು ಕಲ್ಪಿಸುತ್ತದೆ. ಹಾವು ಹಲ್ಲಿ ಓತಿಗಳ ದಾಯಾದಿ. ಮೊಸಳೆಗಾದರೋ, ಇಂದು ಬದುಕಿರುವ ಪ್ರಾಣಿಗಳಲ್ಲಿ ಅತ್ಯಂತ ಹತ್ತಿರದ ಸಂಬಂಧಿಗಳೆಂದರೆ ಹಕ್ಕಿಗಳು! ಇಷ್ಟು ದೂರದವುಗಳಾದರೂ ಇವೆರಡಕ್ಕೂ ಸಮಾನವಾದ ತೊಂದರೆಯೊಂದಿದೆ. ಎರಡಕ್ಕೂ ಅಗಿಯಲು ಬಾರದು. ಬೇಟೆಯನ್ನು ಹಿಡಿಯುವುದಕ್ಕೆ ಹಲ್ಲುಗಳಿವೆಯೇ ಹೊರತು ಅರೆಯುವುದಕ್ಕಿಲ್ಲ. ಹಾಗಿದ್ದಮೇಲೆ ಬಾಯಿ ತುಂಬಿರುವಾಗ ಉಸಿರಾಡುವುದು ಹೇಗೆ? ಈ ಒಂದು ಸಮಸ್ಯೆಯನ್ನು ಅವೆರಡೂ ಬೇರೆ ಬೇರೆ ರೀತಿಯಲ್ಲಿ ಬಿಡಿಸಿಕೊಂಡಿವೆ.

ಹಾವು ತನ್ನ ತಲೆಗಿಂತ ದಪ್ಪವಾದ ಇಲಿಯನ್ನು ನುಂಗುವಾಗ ದವಡೆಯ ಕೀಲು ಕಳಚಿಕೊಳ್ಳುವುದೆಂದು ಜನರು ಹೇಳುತ್ತಾರೆ. ಇದು ಸರಿಯಲ್ಲ. ಕೆಳದವಡೆಯ ಎಡಬಲಭಾಗಗಳು ನಮ್ಮಲ್ಲಿರುವಂತೆ ಗಲ್ಲದ ಬಳಿ ಬೆಸೆದುಕೊಂಡಿಲ್ಲ. ಹಿಗ್ಗುವ ನಾರಿನಿಂದ ಮಾತ್ರ ಸೇರಿವೆ. ದವಡೆಯನ್ನು ತಲೆಬುರುಡೆಗೆ ತೂಗುಹಾಕಿರುವ ಎಲುಬೂ ಸಡಿಲವಾಗಿ ಆಡುತ್ತದೆ. ಆದುದರಿಂದ ಬಾಯಿ ಉದ್ದಕ್ಕೂ ಅಗಲಕ್ಕೂ ತೆರೆಯಬಲ್ಲದು. ಒಳಬಾಗಿದ ಹಲ್ಲುಗಳ ಸಾಲುಗಳಲ್ಲಿ ಬಲಗಡೆಯದು ಒಂದು ಹೆಜ್ಜೆ ಮುಂದಕ್ಕೆ, ಬಳಿಕ ಎಡಗಡೆಯದು ಒಂದು ಹೆಜ್ಜೆ ಮುಂದಕ್ಕೆ, ಹೀಗೆ ಹಾವು ತನ್ನ ಬೇಟೆಯ ಮೇಲೆ ಬಾಯಿಂದಲೇ ನಡೆದುಹೋಗುತ್ತದೆ ಎನ್ನಬಹುದು. ಅಷ್ಟು ಹೊತ್ತೂ ಶ್ವಾಸನಾಳದ ತುದಿಯನ್ನು ಬಾಯಿಯ ಅಂಚಿನವರೆಗೆ ಚಾಚಿಕೊಂಡು ಉಸಿರಾಡುತ್ತಿರುತ್ತದೆ. ಎದೆಯ ನಡುವೆ ಎಲುಬಿಲ್ಲದಿರುವುದರಿಂದ ಪಕ್ಕೆಲುಬುಗಳು ಬಿಚ್ಚಿಕೊಂಡು ತುತ್ತಿಗೆ ದಾರಿಕೊಡುತ್ತವೆ. ದೇಹವು ಕೊಳವೆಯಷ್ಟು ಕಿರಿದಾದುದರಿಂದ ಎಡಶ್ವಾಸಕೋಶವು ಕುಗ್ಗಿದೆ, ಅನೇಕ ಹಾವುಗಳಲ್ಲಿ ಇಲ್ಲವೇ ಇಲ್ಲ. ಮೂತ್ರಪಿಂಡಗಳು ಅಕ್ಕಪಕ್ಕದಲ್ಲಿರದೆ ಒಂದರ ಹಿಂದೊಂದು ನಿಂತಿವೆ.

ಇನ್ನು ಕುಲಗಳು. ಭೂಮಿಯ ಮೇಲೆ ಹಾವಿನ ಜಾತಿಗಳು ಸುಮಾರು 4,000 ಇವೆ. ಹೂವಿನ ಕುಂಡದ ಮಣ್ಣಿನಲ್ಲಿ ಸಿಕ್ಕುವ, ಎರೆಹುಳುವೆಂದು ನಾವು ಬಗೆಯುವ ಕುರುಡುಹಾವು ಒಂದು ಕುಲ. ಹೆಬ್ಬಾವು ಮತ್ತೊಂದು; ಅದರ ಗುದದ ಇಕ್ಕೆಲಗಳಲ್ಲಿ ಉಗುರಿನಂಥ ಮೊನೆಗಳೆರಡು ಇನ್ನೂ ಉಳಿದಿದ್ದು, ಹಾವಿನ ಪೂರ್ವಜರಿಗೆ ಕಾಲುಗಳಿದ್ದುವೆಂಬುದಕ್ಕೆ ಸಾಕ್ಷಿ ಹೇಳುತ್ತವೆ. ಕೇರೆಯ ಕುಲವು ಬಹು ದೊಡ್ಡದು. ಕೇರೆಯ ಹಲ್ಲುಗಳು ಗಟ್ಟಿಯಾದ ಬರಿಯ ಹಲ್ಲುಗಳು. ಅವುಗಳಲ್ಲಿ ವಿಷದ ನಾಳವಿಲ್ಲ. ಅದೇ ಕುಲದ ಹಸಿರುಹಾವಿಗೆ ಬಾಯಿಯ ಹಿಂಬದಿಯಲ್ಲಿ ಗೀರುಳ್ಳ ಹಲ್ಲುಗಳಿದ್ದು ಸೌಮ್ಯವಾದ ವಿಷವನ್ನು ಇಳಿಸುತ್ತವೆ. ನಾಗರ, ಕಟ್ಟುಹಾವು, ಕಾಳಿಂಗಗಳದು ಇನ್ನೊಂದು ಕುಲ. ಇವುಗಳ ವಿಷದ ಹಲ್ಲು ಬಾಯಿಯ ಮುಂಭಾಗದಲ್ಲಿ ಗಿಡ್ಡವಾಗಿ, ಅಲುಗದೆ ನಿಂತಿದೆ. ನಾಗರದ ಹೆಡೆಯೆಂದರೆ ಕುತ್ತಿಗೆಯ ನೀಳವಾದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮವಷ್ಟೆ. ಒಂದೇ ಎಂದು ತಿಳಿಯಲಾಗಿದ್ದ ಕಾಳಿಂಗವನ್ನು 2024ರಲ್ಲಿ ವಿಜ್ಞಾನಿಗಳು ನಾಲ್ಕು ಜಾತಿಗಳಾಗಿ ವಿಂಗಡಿಸಿ, ಪಶ್ಚಿಮಘಟ್ಟದ ಜಾತಿಗೆ ನಮ್ಮ ಕನ್ನಡದ ‘ಕಾಳಿಂಗ’ ಶಬ್ದವನ್ನೇ ಶಾಸ್ತ್ರೀಯ ನಾಮದಲ್ಲಿ ಸೇರಿಸಿದರು. ಕೊನೆಯದು ಮಂಡಲದ ಹಾವುಗಳ ಕುಲ. ಇವುಗಳ ವಿಷದ ಹಲ್ಲು ನೀಳವಾದುದು. ಬಾಯಿ ಮುಚ್ಚಿದಾಗ ಮಡಿಸುವ ಚಾಕುವಿನಂತೆ ಅಂಗುಳಿಗೆ ಒರಗಿ, ತೆರೆದಾಗ ನೆಟ್ಟಗೆ ನಿಲ್ಲುತ್ತದೆ.

ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕೇ ನಮ್ಮ ದೇಶದ ಹೆಚ್ಚಿನ ಸಾವುಗಳಿಗೆ ಕಾರಣ. 2000ದಿಂದ 2019ರವರೆಗೆ ಹಾವು ಕಡಿದು ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನರು ಮಡಿದರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜುಮಾಡಿದೆ. ಕಟ್ಟುಹಾವಿನ ಹಲ್ಲು ಎಷ್ಟು ಸಣ್ಣದೆಂದರೆ, ರಾತ್ರಿ ನೆಲದ ಮೇಲೆ ಮಲಗಿದವನಿಗೆ ಕಡಿದದ್ದು ತಿಳಿಯದೆಯೂ ಹೋಗಬಹುದು, ನೋವಿಲ್ಲ, ಬಾವಿಲ್ಲ. ಕೆಲವು ಗಂಟೆಗಳ ಮೇಲೆ ರೆಪ್ಪೆ ಜೋಲುತ್ತದೆ, ಆಮೇಲೆ ಉಸಿರು ಕಟ್ಟುತ್ತದೆ. ಆದುದರಿಂದ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕುಲವನ್ನರಿಯುವ ಈ ವಿದ್ಯೆ ಕೇರೆಯನ್ನು ದೊಣ್ಣೆಯಿಂದ ಉಳಿಸುವುದಕ್ಕೆ ಉಪಯುಕ್ತ. ಕಡಿತವಾದಮೇಲೆ ಅದನ್ನು ಪ್ರಯೋಗಿಸುತ್ತ ಕುಳಿತರೆ ಅನರ್ಥ. ಕುದುರೆಯ ರಕ್ತದಿಂದ ಸಿದ್ಧಪಡಿಸುವ ನಮ್ಮ ಪ್ರತಿವಿಷವು ಆ ನಾಲ್ಕಕ್ಕೂ ಒಂದೇ. ಹಾವನ್ನು ಹಿಡಿಯಲು ಹೋಗುವುದು, ಗಾಯವನ್ನು ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರಿಸುವುದು ಇವೆಲ್ಲ ಕಾಲಹರಣ. ಕಡಿದ ಅಂಗವನ್ನು ಅಲುಗಿಸದೆ ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕು. ರೋಗಲಕ್ಷಣಗಳನ್ನು ನೋಡಿ ವೈದ್ಯರು ಮುಂದಿನದನ್ನು ನಿಶ್ಚಯಿಸುತ್ತಾರೆ.

ಈಗ ಮೊಸಳೆಯ ಕಡೆಗೆ ತಿರುಗೋಣ. ಅದರ ತಲೆಬುರುಡೆ ಹಾವಿನದಕ್ಕೆ ತೀರ ವಿರುದ್ಧವಾದುದು, ಎಲ್ಲಿಯೂ ಸಡಿಲವಿಲ್ಲ. ಹಲ್ಲುಗಳು ನಮ್ಮ ಹಲ್ಲುಗಳಂತೆ ಗುಳಿಗಳಲ್ಲಿ ನಾಟಿಕೊಂಡಿದ್ದು, ಬಿದ್ದ ಹಲ್ಲಿನ ಸ್ಥಾನದಲ್ಲಿ ಹೊಸದು ಬರುತ್ತಲೇ ಇರುತ್ತದೆ. ಬೇಟೆಯನ್ನು ಕಚ್ಚಿ ನೀರಿನಲ್ಲಿ ಮುಳುಗಿಸುವ ಈ ಪ್ರಾಣಿಗೆ ನೀರು ಗಂಟಲಿಗೆ ನುಗ್ಗುವ ಭಯವಿದೆ. ಅದಕ್ಕೆಂದೇ ಎಲುಬಿನ ಅಂಗುಳು ಬಾಯಿಯ ಉದ್ದಕ್ಕೂ ಬೆಳೆದು, ಮೂಗಿನ ದಾರಿಯನ್ನು ಗಂಟಲಿನ ಹಿಂಭಾಗಕ್ಕೇ ಒಯ್ದು ಬಿಟ್ಟಿದೆ. ನಾಲಗೆಯ ಬುಡದಲ್ಲಿರುವ ಮಡಿಕೆಯೊಂದು ಮೇಲೆದ್ದು ಬಾಯನ್ನು ಗಂಟಲಿನಿಂದ ಬೇರ್ಪಡಿಸುತ್ತದೆ. ಹೀಗಾಗಿ ಬಾಯಿ ನೀರಿನೊಳಗೆ ತೆರೆದಿದ್ದರೂ ಮೂಗಿನ ತುದಿಯೊಂದು ಮೇಲಿದ್ದರೆ ಮೊಸಳೆ ಸುಖವಾಗಿ ಉಸಿರಾಡುತ್ತದೆ. ದವಡೆಯನ್ನು ಮುಚ್ಚುವ ಸ್ನಾಯುಗಳು ಅತಿ ಬಲಿಷ್ಠ. ತೆರೆಯುವವು ಎಷ್ಟು ದುರ್ಬಲವೆಂದರೆ, ಮುಚ್ಚಿದ ಬಾಯನ್ನು ಒಂದು ಹಗ್ಗದಿಂದ ಕಟ್ಟಿಬಿಡಬಹುದು. ಕಟ್ಟುವ ಧೈರ್ಯವನ್ನು ಬಲ್ಲವರಿಗೇ ಬಿಡುವುದು ಮೇಲು.

ಮೊಸಳೆಗಳ ಕುಲಗಳು ಮೂರು. ಬಾಯಿ ಮುಚ್ಚಿದಾಗ ಕೆಳದವಡೆಯ ನಾಲ್ಕನೆಯ ಹಲ್ಲು ಹೊರಗೆ ಕಂಡರೆ ಅದು ನಿಜವಾದ ಮೊಸಳೆ. ಮರೆಯಾದರೆ ಅಮೆರಿಕ ಚೀನಾಗಳಲ್ಲಿರುವ ಆಲಿಗೇಟರ್ ಕುಲ. ಮೂರನೆಯದು ಉತ್ತರದ ನದಿಗಳ ಘರಿಯಾಲ್. ನೀಳವಾದ ಕಿರಿದು ಮೂತಿ, ನೂರಕ್ಕೆ ಮೀರಿದ ಹಲ್ಲುಗಳು, ಮೀನು ಹಿಡಿಯಲು ಹೇಳಿ ಮಾಡಿಸಿದಂತಿವೆ. ಬೆಳೆದ ಗಂಡಿನ ಮೂತಿಯ ಮೇಲೆ ಮಡಕೆಯಂತಹ ಗುಬುಟಿರುವುದರಿಂದ ಆ ಹೆಸರು. ಇದು ಅಳಿದುಹೋಗುವ ಸ್ಥಿತಿಗೆ ಬಂದುದರಿಂದಲೇ 1975ರಲ್ಲಿ ಭಾರತ ಸರ್ಕಾರವು ಮೊಸಳೆಗಳ ರಕ್ಷಣೆಯ ಯೋಜನೆಯನ್ನು ಕೈಗೊಂಡಿತು.

ನಮ್ಮ ಕಾವೇರಿಯಲ್ಲಿರುವುದು ನಿಜವಾದ ಮೊಸಳೆಯೇ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ದೋಣಿ ಹತ್ತಿದವರು ಬಂಡೆಗಳ ಮೇಲೆ ಅದು ಬಾಯಿ ತೆರೆದು ಮಲಗಿರುವುದನ್ನು ನೋಡಿರಬಹುದು. ತಾಯಿಮೊಸಳೆ ದಡದ ಮಣ್ಣಿನಲ್ಲಿ ಮೊಟ್ಟೆಯಿಟ್ಟು ಕಾಯುತ್ತದೆ. ಒಳಗಿನಿಂದ ಮರಿಗಳು ಕೂಗುವ ದನಿ ಕೇಳಿದೊಡನೆ ಮಣ್ಣನ್ನು ಕೆದರಿ, ಅವನ್ನು ಮೆಲ್ಲನೆ ಅದೇ ದವಡೆಗಳ ನಡುವೆ ಎತ್ತಿಕೊಂಡು ನೀರಿಗೆ ತಂದು ಬಿಡುತ್ತದೆ.